ಮನಸ್ಸು ತಿಳಿದರೆ ಹಲ್ಲು ಉಳಿದೀತು

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ." ಈ ಗಾದೆ ನಿಮಗೆಲ್ಲ ಗೊತ್ತು. ನಮ್ಮ ನಿಡಗುಂದಿ ಸೀಮೆಯಲ್ಲಿ ಕಡಲೆ ಇದೆ, ಶೇಂಗಾ ಇದೆ, ಕಬ್ಬು ಇದೆ. ಜೋಳದ ರೊಟ್ಟಿ ಇಲ್ಲದೆ ನಮ್ಮ ಊಟ ಊಟವೇ ಅಲ್ಲ. ಆದರೆ ಖಡಕ್ ರೊಟ್ಟಿ ಅಗಿಯಬೇಕಾದರೆ ಹಲ್ಲು ಗಟ್ಟಿ ಇರಬೇಕು. ವಯಸ್ಸಾದ ಎಷ್ಟೋ ಮಂದಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಯಾಕೆ ಎಂದು ಕೇಳಿದರೆ, "ವಯಸ್ಸಾತಲ್ಲ, ಹಲ್ಲು ಹೋದ್ವು" ಎನ್ನುತ್ತಾರೆ.

ವಯಸ್ಸಾದ ಮಾತ್ರಕ್ಕೆ ಹಲ್ಲು ಬೀಳಬೇಕು ಎಂದೇನೂ ಇಲ್ಲ. ದಿನಾ ಜೋಪಾನ ಮಾಡಿದರೆ ಬಹಳಷ್ಟು ಹಲ್ಲುಗಳು ಕೊನೆಯವರೆಗೂ ಇರುತ್ತವೆ. ಜೋಪಾನ ಮಾಡುವುದು ಹೇಗೆ? ಅದೂ ನಮಗೆ ಗೊತ್ತು. ದಿನಕ್ಕೆ ಎರಡು ಸಲ ಹಲ್ಲು ತಿಕ್ಕಬೇಕು. ಮುಂಜಾನೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ. ಟಿ.ವಿ.ಯಲ್ಲಿ ಹೇಳುತ್ತಾರೆ. ಶಾಲೆಯಲ್ಲಿ ಹೇಳುತ್ತಾರೆ. ಆಶಾ ಕಾರ್ಯಕರ್ತೆಯರೂ ಹೇಳುತ್ತಾರೆ.

ಆದರೆ ನಮ್ಮಲ್ಲಿ ಎಷ್ಟು ಮಂದಿ ರಾತ್ರಿ ಹಲ್ಲು ತಿಕ್ಕುತ್ತೇವೆ? ಗೊತ್ತಿದ್ದೂ ಯಾಕೆ ಮಾಡುವುದಿಲ್ಲ? ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ಹಲ್ಲು ಹುಳುಕಾಗುವುದು ಹೇಗೆ?

ಹಲ್ಲು ನೋಯಲು ಶುರುವಾದರೆ "ಹಲ್ಲಿಗೆ ಹುಳ ಹತ್ತೈತಿ" ಎನ್ನುತ್ತೇವೆ. ನಿಜವಾಗಿ ಹಲ್ಲಿನಲ್ಲಿ ಹುಳ ಇರುವುದಿಲ್ಲ. ಇರುವುದು ಕಣ್ಣಿಗೆ ಕಾಣದ ರೋಗಾಣುಗಳು. ನಾವು ತಿಂದ ಅನ್ನ, ರೊಟ್ಟಿ, ಬೆಲ್ಲ, ಬಿಸ್ಕೀಟು ಹಲ್ಲಿನ ಸಂದಿಯಲ್ಲಿ ಉಳಿಯುತ್ತವೆ. ಈ ರೋಗಾಣುಗಳು ಅದರಲ್ಲಿನ ಸಿಹಿಯನ್ನು ತಿಂದು ಹುಳಿ ಬಿಡುತ್ತವೆ. ಅದಕ್ಕೆ ಆಮ್ಲ ಎನ್ನುತ್ತಾರೆ. ಆ ಆಮ್ಲ ಹಲ್ಲಿನ ಮೇಲಿನ ಗಟ್ಟಿ ಬಿಳಿ ಪದರವನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಮೊದಲು ಬಿಳಿ ಮಚ್ಚೆ, ಆಮೇಲೆ ಕಪ್ಪು ಚುಕ್ಕೆ, ಆಮೇಲೆ ತೂತು. ತೂತು ಒಳಗಿನ ನರದವರೆಗೆ ಹೋದಾಗ ನೋವು ಬರುತ್ತದೆ. ತೂತು ಬಿದ್ದ ಹಲ್ಲು ತಾನಾಗಿ ಮತ್ತೆ ತುಂಬಿಕೊಳ್ಳುವುದಿಲ್ಲ.

ಸಿಹಿ ತಿಂದ ಪ್ರತಿ ಸಲವೂ ಸುಮಾರು ಅರ್ಧ ತಾಸು ಈ ಆಮ್ಲದ ಕಾಟ ಇರುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದಿರಿ ಎನ್ನುವುದಷ್ಟೇ ಅಲ್ಲ, ಎಷ್ಟು ಸಲ ತಿಂದಿರಿ ಎನ್ನುವುದೂ ಮುಖ್ಯ. ಯಲಗೂರ ಜಾತ್ರೆಯಲ್ಲಿ ಒಂದು ದಿನ ಬೆಂಡು ಬೆತ್ತಾಸು ತಿಂದರೆ ಹಲ್ಲು ಹೋಗುವುದಿಲ್ಲ. ದಿನಕ್ಕೆ ಐದಾರು ಸಲ ಪೆಪ್ಪರಮಿಂಟು ಚೀಪಿದರೆ ಹಲ್ಲಿಗೆ ಬಿಡುವೇ ಸಿಗುವುದಿಲ್ಲ.

ಹಗಲು ಹೊತ್ತು ಬಾಯಲ್ಲಿ ಜೊಲ್ಲು ಊರುತ್ತಿರುತ್ತದೆ. ಜೊಲ್ಲು ಆಮ್ಲವನ್ನು ತೊಳೆಯುತ್ತದೆ, ಹಲ್ಲನ್ನು ಕಾಯುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಊಟ ಮಾಡಿ ಹಾಗೇ ಮಲಗಿದರೆ ರಾತ್ರಿಯಿಡೀ ರೋಗಾಣುಗಳದ್ದೇ ರಾಜ್ಯ. ರಾತ್ರಿ ತಿಕ್ಕುವುದು ಬಹಳ ಮುಖ್ಯ ಎನ್ನುವುದು ಇದೇ ಕಾರಣಕ್ಕೆ.

ಒಸಡಿನದೂ ಇದೇ ಕತೆ. ಹಲ್ಲಿನ ಬುಡದಲ್ಲಿ ಲೋಳೆ ಕುಂತು ಗಟ್ಟಿಯಾಗುತ್ತದೆ. ಒಸಡು ಊದಿಕೊಳ್ಳುತ್ತದೆ, ತಿಕ್ಕಿದಾಗ ರಕ್ತ ಬರುತ್ತದೆ. "ರಕ್ತ ಬರತೈತಿ" ಎಂದು ಹೆದರಿ ಕೆಲವರು ತಿಕ್ಕುವುದನ್ನೇ ಬಿಡುತ್ತಾರೆ. ಬಿಟ್ಟರೆ ಇನ್ನೂ ಹೆಚ್ಚು ಹಾಳಾಗುತ್ತದೆ. ಮೆತ್ತನೆ ಬ್ರಶ್‌ನಿಂದ ತಿಕ್ಕಿ, ಡಾಕ್ಟರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ತೊಂದರೆ ಇನ್ನೂ ಬೇಗ ಬರುತ್ತದೆ.

ಬೈದರೆ, ಹೆದರಿಸಿದರೆ ಆಗುತ್ತದೆಯೇ?

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಒಂಬತ್ತು ಗಂಟೆ. ಊಟ ಮುಗಿದಿದೆ. ಹುಡುಗ ಹಾಸಿಗೆಯ ಮೇಲೆ ಬಿದ್ದಿದ್ದಾನೆ.

"ಏ ತಮ್ಮಾ, ಹಲ್ಲು ತಿಕ್ಕಿದೇನು?"

"ನಿದ್ದಿ ಬರಾಕತ್ತೈತಿ ಯವ್ವಾ. ಮುಂಜಾನೆ ತಿಕ್ಕತೀನಿ."

"ಹಂಗ ಮಲಗಿದ್ರ ಹಲ್ಲೆಲ್ಲಾ ಉದುರಿ ಹೋಗತಾವ ನೋಡು. ಡಾಕ್ಟರು ಇಕ್ಕಳ ಹಾಕಿ ಕೀಳತಾರ."

ಹುಡುಗ ಮುಸುಕು ಎಳೆದುಕೊಂಡು ಮಲಗಿಬಿಡುತ್ತಾನೆ. ಅವ್ವ ಹೇಳಿದ್ದು ಸುಳ್ಳಲ್ಲ. ಆದರೆ ಹುಡುಗ ಏಳಲಿಲ್ಲ. ಯಾಕೆ?

ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವ ಶಾಸ್ತ್ರಕ್ಕೆ ಮನೋವಿಜ್ಞಾನ ಎಂದು ಹೆಸರು. ಶಿಕ್ಷಕರ ತರಬೇತಿಯಲ್ಲಿ ನಮಗೆ ಇದನ್ನು ಕಲಿಸುತ್ತಾರೆ. ಹಲ್ಲಿನ ವಿಷಯದಲ್ಲೇ ಈ ಶಾಸ್ತ್ರದವರು ಒಂದು ಪರೀಕ್ಷೆ ಮಾಡಿದ್ದಾರೆ. ಅಮೆರಿಕದಲ್ಲಿ ಜಾನಿಸ್ ಮತ್ತು ಫೆಶ್‌ಬ್ಯಾಕ್ ಎಂಬ ಇಬ್ಬರು ಹೈಸ್ಕೂಲ್ ಮಕ್ಕಳಿಗೆ ಹಲ್ಲಿನ ಬಗ್ಗೆ ಪಾಠ ಹೇಳಿಸಿದರು. ಒಂದು ಗುಂಪಿಗೆ ಬಹಳ ಹೆದರಿಸಿ ಹೇಳಿದರು. ಕೊಳೆತ ಹಲ್ಲು, ಕೆಟ್ಟ ಒಸಡುಗಳ ಚಿತ್ರ ತೋರಿಸಿದರು. ಇನ್ನೊಂದು ಗುಂಪಿಗೆ ಸ್ವಲ್ಪ ಹೆದರಿಸಿದರು. ಮೂರನೆಯ ಗುಂಪಿಗೆ ಹೆಚ್ಚು ಹೆದರಿಸದೆ ಸಮಾಧಾನವಾಗಿ ಹೇಳಿದರು. ಒಂದು ವಾರ ಬಿಟ್ಟು, ಹೇಳಿದಂತೆ ನಡೆದವರು ಎಷ್ಟು ಎಂದು ಲೆಕ್ಕ ಹಾಕಿದರು. ಸುಧಾರಿಸಿದವರ ಲೆಕ್ಕದಿಂದ ಹಿಂದೆ ಬಿದ್ದವರನ್ನು ಕಳೆದರು. ಆಗ ಬಹಳ ಹೆದರಿದ ಗುಂಪಿನಲ್ಲಿ ಉಳಿದದ್ದು 100ಕ್ಕೆ 8 ಮಾತ್ರ. ಸ್ವಲ್ಪ ಹೆದರಿದ ಗುಂಪಿನಲ್ಲಿ 100ಕ್ಕೆ 22. ಸಮಾಧಾನವಾಗಿ ಕೇಳಿದ ಗುಂಪಿನಲ್ಲಿ 100ಕ್ಕೆ 36. ಇದು 1953ರಲ್ಲಿ ಪ್ರಕಟವಾಯಿತು.

ವಿಚಿತ್ರ ಅನಿಸುತ್ತದೆಯೇ? ಯೋಚಿಸಿ ನೋಡಿ. ಬಹಳ ಹೆದರಿಸಿದರೆ ಮನಸ್ಸು ಆ ಮಾತನ್ನೇ ದೂರ ತಳ್ಳುತ್ತದೆ. "ನಮಗೇನೂ ಆಗೂದಿಲ್ಲ ಬಿಡು" ಎನ್ನುತ್ತದೆ. ಆ ಹುಡುಗ ಮುಸುಕು ಎಳೆದುಕೊಂಡದ್ದೂ ಹಾಗೆಯೇ.

ಹಾಗಾದರೆ ಅಪಾಯವನ್ನು ಹೇಳಲೇಬಾರದೇ? ಹೇಳಬೇಕು. ಮುಂದೆ ನಡೆದ ಪರೀಕ್ಷೆಗಳಿಂದ ಇನ್ನೊಂದು ಮಾತು ತಿಳಿಯಿತು. ಅಪಾಯ ಹೇಳಿದ ಜೊತೆಗೇ "ಹೀಗೆ ಮಾಡು, ಇದು ನಿನ್ನಿಂದ ಆಗುತ್ತದೆ" ಎಂದು ಸುಲಭದ ದಾರಿಯನ್ನೂ ತೋರಿಸಬೇಕು. ದಾರಿ ಕಂಡರೆ ಮನಸ್ಸು ಓಡಿಹೋಗುವುದಿಲ್ಲ.

ನಾಚಿಕೆಪಡಿಸುವುದೂ ಕೆಲಸಕ್ಕೆ ಬರುವುದಿಲ್ಲ. "ಛೀ, ಬಾಯಿ ನಾರತೈತಿ, ಆಕಡೆ ಸರಿ" ಎಂದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಬ್ರಶ್ ಹಿಡಿಯುವುದಿಲ್ಲ. ಇನ್ನೊಂದು ವಿಷಯ ತಿಳಿದಿರಲಿ. ವಿಜಯಪುರ ಜಿಲ್ಲೆಯ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿದೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ ಬರುತ್ತವೆ. ಅದು ಹೊಲಸಲ್ಲ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಂಥ ಮಗುವಿಗೆ "ಹಲ್ಲು ತಿಕ್ಕೂದಿಲ್ಲ" ಎಂದು ಬೈದರೆ ತಪ್ಪಾಗುತ್ತದೆ. ಊರ ನೀರನ್ನು ಪರೀಕ್ಷೆ ಮಾಡಿಸಿ ಎಂದು ಗ್ರಾಮ ಪಂಚಾಯಿತಿಯನ್ನು ಕೇಳಿ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಫ್ಲೋರೈಡ್ ಇದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದಾಗ 1.5 ಮಿಲಿಗ್ರಾಂ ಕೊನೆಯ ಮಿತಿ. ಭಾರತೀಯ ಮಾನಕ ಸಂಸ್ಥೆ ಹೀಗೆ ಗೊತ್ತು ಮಾಡಿದೆ.

ಮುಂಜಾನೆಯ ಚಹಾ ಕಲಿಸುವ ಪಾಠ

ಈಗ ಒಂದು ಪ್ರಶ್ನೆ. ಮುಂಜಾನೆ ಹಲ್ಲು ತಿಕ್ಕಲು ನಿಮಗೆ ಯಾರಾದರೂ ಹೇಳುತ್ತಾರೆಯೇ? ಇಲ್ಲ. ಎದ್ದ ಕೂಡಲೆ ಕೈ ತಾನಾಗಿ ಬ್ರಶ್‌ಗೋ ಬೇವಿನ ಕಡ್ಡಿಗೋ ಹೋಗುತ್ತದೆ. ಇದಕ್ಕೆ ರೂಢಿ ಎನ್ನುತ್ತೇವೆ. ರೂಢಿಯಾದ ಕೆಲಸಕ್ಕೆ ನೆನಪೂ ಬೇಡ, ಹಠವೂ ಬೇಡ.

ಈ ಮುಂಜಾನೆಯ ರೂಢಿ ಹೇಗೆ ಗಟ್ಟಿಯಾಯಿತು? ಬಿಡಿಸಿ ನೋಡೋಣ.

ಮೊದಲನೆಯದು, ಗುರುತು. ಹಾಸಿಗೆಯಿಂದ ಎದ್ದದ್ದೇ ಗುರುತು.

ಎರಡನೆಯದು, ಕೆಲಸ. ಬಚ್ಚಲಿಗೆ ಹೋಗಿ ಹಲ್ಲು ತಿಕ್ಕಿ ಮುಖ ತೊಳೆಯುವುದು.

ಮೂರನೆಯದು, ಸುಖ. ಮುಖ ತೊಳೆದ ಮೇಲೆ ಬಿಸಿ ಬಿಸಿ ಚಹಾ. "ಮುಖ ತೊಳಿಯದ ಚಹಾ ಇಲ್ಲ" ಎನ್ನುವುದು ನಮ್ಮ ಹಿರಿಯರ ಕಾಯಿದೆ.

ನೋಡಿ, ನಮ್ಮ ಅಜ್ಜಿಯರು ಮನೋವಿಜ್ಞಾನ ಓದಿರಲಿಲ್ಲ. ಆದರೆ ಚಹಾದ ಕಪ್ಪನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದರು! ಗುರುತು, ಕೆಲಸ, ಸುಖ ಈ ಮೂರೂ ಒಂದರ ಹಿಂದೆ ಒಂದು ದಿನಾ ಬಂದರೆ ರೂಢಿ ಬೇರು ಬಿಡುತ್ತದೆ.

ಥಾರ್ನ್‌ಡೈಕ್ ಎಂಬ ಅಮೆರಿಕದ ವಿಜ್ಞಾನಿ 1898ರಲ್ಲಿ ಇದನ್ನು ಬೆಕ್ಕಿನಿಂದ ತೋರಿಸಿದ. ಹಸಿದ ಬೆಕ್ಕನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟ. ಹೊರಗೆ ತಿನಿಸು ಇಟ್ಟ. ಬೆಕ್ಕು ಪರಚಿತು, ಜಿಗಿಯಿತು. ಹಾಗೇ ಮಾಡುವಾಗ ಅಗುಳಿಗೆ ಕಾಲು ತಾಗಿ ಬಾಗಿಲು ತೆರೆಯಿತು, ತಿನಿಸು ಸಿಕ್ಕಿತು. ಮತ್ತೆ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಾಗ ಬೆಕ್ಕು ಬೇಗ ಬೇಗ ಹೊರಗೆ ಬರಲು ಕಲಿಯಿತು. ಯಾವ ಕೆಲಸದ ಬೆನ್ನಿಗೇ ಸುಖ ಸಿಗುತ್ತದೋ ಆ ಕೆಲಸ ಮನಸ್ಸಿನಲ್ಲಿ ನಿಲ್ಲುತ್ತದೆ. ಇದಕ್ಕೆ ಪರಿಣಾಮ ನಿಯಮ ಎಂದು ಹೆಸರು.

ಹಲ್ಲಿನ ವಿಷಯದಲ್ಲಿ ಇರುವ ಕಷ್ಟವೇ ಇದು. ಇಂದು ತಿಕ್ಕಿದ್ದರ ಲಾಭ ಹತ್ತು ವರ್ಷದ ಮೇಲೆ ಕಾಣುತ್ತದೆ. ತಿಕ್ಕದಿದ್ದರೂ ಇಂದೇ ನೋವು ಬರುವುದಿಲ್ಲ. ಆದರೆ ಬೆಚ್ಚನೆ ಹಾಸಿಗೆಯ ಸುಖ ಮಾತ್ರ ಈಗಲೇ ಸಿಗುತ್ತದೆ. ಮನಸ್ಸು ಈಗ ಸಿಗುವುದರ ಕಡೆಗೇ ವಾಲುತ್ತದೆ. ಇದು ಸೋಮಾರಿತನ ಅಲ್ಲ, ಎಲ್ಲರ ಮನಸ್ಸೂ ಹೀಗೇ. ಅದಕ್ಕೇ ರಾತ್ರಿಯ ಕೆಲಸಕ್ಕೂ ಒಂದು ಗುರುತು ಬೇಕು, ಕೂಡಲೆ ಸಿಗುವ ಒಂದು ಸುಖ ಬೇಕು.

ರಾತ್ರಿಯ ರೂಢಿ ಕಟ್ಟುವುದು ಹೇಗೆ?

1. ಹಳೆಯ ಕೆಲಸಕ್ಕೆ ಹೊಸ ಕೆಲಸ ಗಂಟು ಹಾಕಿ.

"ರಾತ್ರಿ ಯಾವಾಗಾದರೂ ತಿಕ್ಕಿದರಾಯಿತು" ಎಂದರೆ ಅದು ಆಗುವುದಿಲ್ಲ. ದಿನಾ ತಪ್ಪದೆ ಮಾಡುವ ಒಂದು ಕೆಲಸ ಹುಡುಕಿ. ಊಟದ ತಾಟು ತೊಳೆಯುವುದು. ದನಕ್ಕೆ ಮೇವು ಹಾಕುವುದು. ಬಾಗಿಲಿಗೆ ಅಗುಳಿ ಹಾಕುವುದು. ಅದು ಮುಗಿದ ಕೂಡಲೆ ಹಲ್ಲು ತಿಕ್ಕುವುದು ಎಂದು ಗೊತ್ತು ಮಾಡಿ. ಇಂಗ್ಲೆಂಡಿನಲ್ಲಿ ಹಲ್ಲಿನ ಸಂದಿಯನ್ನು ದಾರದಿಂದ ಸ್ವಚ್ಛ ಮಾಡುವುದನ್ನು ಕೆಲವರಿಗೆ ಕಲಿಸಿದರು. ಅರ್ಧ ಮಂದಿ ಬ್ರಶ್ ಮಾಡುವ ಮುಂಚೆ ದಾರ ಹಿಡಿದರು. ಇನ್ನರ್ಧ ಮಂದಿ ಬ್ರಶ್ ಮಾಡಿದ ಮೇಲೆ ದಾರ ಹಿಡಿದರು. ಎಂಟು ತಿಂಗಳ ಮೇಲೆ ನೋಡಿದಾಗ, ಬ್ರಶ್ ಮಾಡಿದ ಮೇಲೆ ದಾರ ಹಿಡಿದವರಲ್ಲಿ ರೂಢಿ ಹೆಚ್ಚು ಗಟ್ಟಿಯಾಗಿತ್ತು. ಹಳೆಯ ಕೆಲಸ ಮುಗಿದದ್ದೇ ಅವರಿಗೆ ಗುರುತಾಯಿತು. ಈ ಪರೀಕ್ಷೆ 2013ರಲ್ಲಿ ಪ್ರಕಟವಾಯಿತು.

ನಿದ್ದೆ ಬರುವವರೆಗೆ ಕಾಯಬೇಡಿ. ಊಟ ಮುಗಿದ ಮೇಲೆ, ಕಣ್ಣು ಎಳೆಯುವ ಮುಂಚೆಯೇ ತಿಕ್ಕಿ. ಆಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ.

2. ಕಣ್ಣಿಗೆ ಕಾಣುವಂತೆ ಇಡಿ.

ಬ್ರಶ್ ಟ್ರಂಕಿನಲ್ಲೋ ಮೇಲಿನ ನಾಗೊಂದಿಗೆಯಲ್ಲೋ ಇದ್ದರೆ ಹುಡುಕುವುದೇ ಒಂದು ಕೆಲಸ. ಕೈಗೆ ಸಿಗುವ ಕಡೆ ಒಂದು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ. ಪಕ್ಕದಲ್ಲೇ ನೀರಿನ ತಂಬಿಗೆ ಇರಲಿ. ಮಕ್ಕಳ ಕೈಗೂ ಎಟುಕಬೇಕು. ಒಬ್ಬರಿಗೆ ಒಂದೇ ಬ್ರಶ್. ಒಬ್ಬರದು ಇನ್ನೊಬ್ಬರು ಬಳಸಬಾರದು. ಕೆಲಸ ಎಷ್ಟು ಸುಲಭವೋ ರೂಢಿ ಅಷ್ಟು ಬೇಗ ಆಗುತ್ತದೆ.

3. ಕೂಡಲೆ ಸಿಗುವ ಸುಖ ಗುರುತಿಸಿ.

ಈಗ ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿ. ಲೋಳೆ ಲೋಳೆ ಅನಿಸುತ್ತದೆಯೇ? ಅದೇ ರೋಗಾಣುಗಳ ಪದರ. ತಿಕ್ಕಿದ ಮೇಲೆ ಮತ್ತೆ ಆಡಿಸಿ ನೋಡಿ. ತೊಳೆದ ಗಾಜಿನಂತೆ ನುಣ್ಣಗೆ ಇರುತ್ತದೆ. ಸುಮಾರು 100 ವರ್ಷಗಳ ಹಿಂದೆ ಅಮೆರಿಕದಲ್ಲಿ ಪೆಪ್ಸೋಡೆಂಟ್ ಪೇಸ್ಟ್ ಮಾರಲು ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತುಗಾರ ಜನರಿಗೆ ಇದನ್ನೇ ಹೇಳಿದ. "ನಾಲಿಗೆ ಆಡಿಸಿ ನೋಡಿ" ಎಂದ. ಜನ ನೋಡಿದರು, ಪೇಸ್ಟ್ ಕೊಂಡರು. ಲೋಳೆಯೇ ಗುರುತಾಯಿತು, ನುಣುಪೇ ಸುಖವಾಯಿತು. ಅವನಿಗೆ ಮಾರಾಟ ಬೇಕಿತ್ತು. ನಮಗೆ ಹಲ್ಲು ಬೇಕು. ಆ ಉಪಾಯವನ್ನು ನಾವೂ ಬಳಸೋಣ, ಅದಕ್ಕೆ ದುಡ್ಡು ಬೇಡ.

ಒಂದು ಎಚ್ಚರ. ನೊರೆ ಬಂದ ಮಾತ್ರಕ್ಕೆ, ಬಾಯಿ ತಣ್ಣಗಾದ ಮಾತ್ರಕ್ಕೆ ಹಲ್ಲು ಸ್ವಚ್ಛ ಆಗಲಿಲ್ಲ. ಸ್ವಚ್ಛ ಮಾಡುವುದು ಬ್ರಶ್‌ನ ತಿಕ್ಕಾಟ. ಹುಳುಕನ್ನು ತಡೆಯುವುದು ಪೇಸ್ಟಿನಲ್ಲಿರುವ ಫ್ಲೋರೈಡ್. ನೀರಿನಲ್ಲಿ ಹೆಚ್ಚಾದರೆ ಕೆಡುಕು ಮಾಡುವ ಅದೇ ಫ್ಲೋರೈಡ್, ಪೇಸ್ಟಿನಲ್ಲಿ ಸ್ವಲ್ಪ ಇದ್ದು ಹಲ್ಲಿಗೆ ತಾಗಿದರೆ ಒಳ್ಳೆಯದು ಮಾಡುತ್ತದೆ. ಆದರೆ ಪೇಸ್ಟ್ ನುಂಗಬಾರದು, ಉಗುಳಬೇಕು.

4. ಎಲ್ಲರೂ ಕೂಡಿ ಮಾಡಿ.

ಅವ್ವ ಹಾಸಿಗೆ ಹಾಸುತ್ತಾ, ಅಪ್ಪ ಮೊಬೈಲ್ ನೋಡುತ್ತಾ, "ಹೋಗು, ಹಲ್ಲು ತಿಕ್ಕು" ಎಂದರೆ ಮಗು ಹೋಗುವುದಿಲ್ಲ. "ಬಾ, ತಿಕ್ಕೋಣು" ಎಂದರೆ ಬರುತ್ತದೆ. ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಕಣ್ಣಿನಿಂದ ಹೆಚ್ಚು ಕಲಿಯುತ್ತಾರೆ.

ಎಷ್ಟು ಹೊತ್ತು ತಿಕ್ಕಬೇಕು? ಎರಡು ನಿಮಿಷ. ಗಡಿಯಾರ ಬೇಡ, ಎಣಿಸಿದರೆ ಸಾಕು. ಬಾಯಿಯನ್ನು ನಾಲ್ಕು ಭಾಗ ಮಾಡಿ. ಮೇಲೆ ಬಲಕ್ಕೆ, ಮೇಲೆ ಎಡಕ್ಕೆ, ಕೆಳಗೆ ಬಲಕ್ಕೆ, ಕೆಳಗೆ ಎಡಕ್ಕೆ. ಒಂದೊಂದು ಭಾಗಕ್ಕೆ ಮೆಲ್ಲಗೆ 30 ಎಣಿಸಿ. ನಾಲ್ಕು ಮೂವತ್ತಲೆ 120. ಹಲ್ಲೂ ಸ್ವಚ್ಛ, ಮಕ್ಕಳಿಗೆ ಮಗ್ಗಿಯೂ ಬಂತು!

ಎಷ್ಟು ದಿನ ಬೇಕು?

"ನಾಲ್ಕು ದಿನ ಮಾಡಿದ್ವಿ, ಐದನೇ ದಿನ ಬಿಟ್ಟು ಹೋತು. ನಮ್ಮಿಂದ ಆಗೂದಿಲ್ಲ." ಹೀಗೆ ಬಹಳ ಮಂದಿ ಹೇಳುತ್ತಾರೆ. ಅವರಿಗೆ ಸಮಾಧಾನದ ಮಾತೊಂದಿದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರ ಮೇಲೆ ಒಂದು ಪರೀಕ್ಷೆ ಮಾಡಿದರು. ಒಬ್ಬೊಬ್ಬರೂ ದಿನಕ್ಕೊಂದು ಸಣ್ಣ ಹೊಸ ಕೆಲಸ ಶುರು ಮಾಡಿದರು. ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಕೆಲಸ. ಅದು ತಾನಾಗಿ ನಡೆಯುವ ರೂಢಿ ಆಗಲು ಎಷ್ಟು ದಿನ ಬೇಕಾಯಿತು? ಸರಾಸರಿ 66 ದಿನ. ಕೆಲವರಿಗೆ 18 ದಿನವೇ ಸಾಕಾಯಿತು. ಕೆಲವರಿಗೆ 254 ದಿನ ಬೇಕಾದೀತು ಎಂದು ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ ಎಂಬುದೂ ತಿಳಿಯಿತು. ಇದು 2009ರಲ್ಲಿ ಪ್ರಕಟವಾಯಿತು.

ಆದ್ದರಿಂದ ಒಂದು ದಿನ ತಪ್ಪಿತೆಂದು ಬಿಡಬೇಡಿ. ಮರುದಿನ ಮತ್ತೆ ಹಿಡಿಯಿರಿ. ಯುಗಾದಿಯಂದು ಶುರು ಮಾಡಿದರೆ ಕಾರಹುಣ್ಣಿಮೆ ಹೊತ್ತಿಗೆ ಕೈ ತಾನಾಗಿ ಬ್ರಶ್‌ಗೆ ಹೋಗುತ್ತದೆ ಎಂದು ಇಟ್ಟುಕೊಳ್ಳಿ. ನಿಮಗೆ ಇನ್ನೂ ಸ್ವಲ್ಪ ಹೆಚ್ಚು ದಿನ ಬೇಕಾದರೂ ಚಿಂತೆ ಇಲ್ಲ.

ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗುವವರು ಇನ್ನೊಂದು ಮಾತು ನೆನಪಿಡಿ. ಜಾಗ ಬದಲಾದರೆ ಹಳೆಯ ಗುರುತುಗಳು ಹೋಗುತ್ತವೆ. ಮನೆಯ ಬಚ್ಚಲಿಲ್ಲ, ದನದ ಕೊಟ್ಟಿಗೆ ಇಲ್ಲ. ಅಲ್ಲಿ ರೂಢಿ ಬಿಟ್ಟುಹೋಗುವುದು ಸಹಜ. ಹೋದ ಮೊದಲ ದಿನವೇ ಹೊಸ ಗುರುತು ಕಟ್ಟಿಕೊಳ್ಳಿ. ಬುತ್ತಿ ಡಬ್ಬಿ ತೊಳೆದ ಕೂಡಲೆ ಹಲ್ಲು ತಿಕ್ಕುವುದು ಎಂದು ಇಟ್ಟುಕೊಳ್ಳಬಹುದು. ಬುತ್ತಿ ಡಬ್ಬಿ ಎಲ್ಲಿಗೆ ಹೋದರೂ ನಿಮ್ಮ ಜೊತೆಗೇ ಇರುತ್ತದೆ.

ಮಕ್ಕಳಿಗೆ ಕಲಿಸುವುದು ಹೇಗೆ?

ಮೊದಲ ಹಲ್ಲು ಮೂಡಿದಾಗಿನಿಂದಲೇ ಸ್ವಚ್ಛ ಮಾಡಬೇಕು. ಮೂರು ವರ್ಷದ ಒಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್ ಸಾಕು. ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಬ್ರಶ್ ತುಂಬ ಪೇಸ್ಟ್ ಹಚ್ಚುವುದು ಜಾಹೀರಾತಿನ ಚಿತ್ರದಲ್ಲಿ ಮಾತ್ರ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಸರಿಯಾಗಿ ತಿಕ್ಕಲು ಬರುವುದಿಲ್ಲ. ಮಗು ತಿಕ್ಕಿದ ಮೇಲೆ ದೊಡ್ಡವರು ಒಮ್ಮೆ ತಿಕ್ಕಬೇಕು.

"ಹಾಲು ಹಲ್ಲು ಹೆಂಗೂ ಬೀಳತಾವ" ಎಂದು ಬಿಡಬೇಡಿ. ಹಾಲು ಹಲ್ಲು ಹುಳುಕಾದರೆ ಮಗು ಸರಿಯಾಗಿ ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ, ಶಾಲೆ ತಪ್ಪಿಸುತ್ತದೆ. ಇನ್ನೊಂದು ಗುಟ್ಟು ಕೇಳಿ. ಸುಮಾರು ಆರನೇ ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅದು ಬರಲು ಯಾವ ಹಲ್ಲೂ ಬೀಳುವುದಿಲ್ಲ. ಅದಕ್ಕೇ ನಾವು ಅದನ್ನೂ ಹಾಲು ಹಲ್ಲು ಎಂದೇ ತಿಳಿಯುತ್ತೇವೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ. ಒಂದನೇ ಇಯತ್ತೆಯ ಮಗುವಿನ ಬಾಯಿಯ ಹಿಂದಿನ ಮೂಲೆಯನ್ನು ತಪ್ಪದೆ ನೋಡಿ.

ಮಗು ತಿಕ್ಕಿದ ಕೂಡಲೆ ಹೊಗಳಿ. "ಶಾಣ್ಯಾ" ಎಂದಷ್ಟೇ ಹೇಳಬೇಡಿ. "ಇವತ್ತು ಹಿಂದಿನ ಹಲ್ಲೂ ತಿಕ್ಕಿದಿ, ಭಾಳ ಚೊಲೋ ಆತು" ಎನ್ನಿ. ಏನು ಮಾಡಿದ್ದು ಒಳ್ಳೆಯದಾಯಿತು ಎಂದು ಮಗುವಿಗೆ ತಿಳಿಯಬೇಕು. ತಿಕ್ಕಿದ ಮೇಲೆ ಅಜ್ಜಿಯ ಹತ್ತಿರ ಒಂದು ಕತೆ ಎಂದು ಗೊತ್ತು ಮಾಡಿ. ಮುಂಜಾನೆಗೆ ಚಹಾ ಇದ್ದ ಹಾಗೆ ರಾತ್ರಿಗೆ ಕತೆ! ಚಾಕಲೇಟಿನ ಆಸೆ ಮಾತ್ರ ತೋರಿಸಬೇಡಿ. ಹಲ್ಲು ತಿಕ್ಕಿದ್ದಕ್ಕೆ ಚಾಕಲೇಟು ಕೊಟ್ಟರೆ, ತೊಳೆದ ತಾಟಿಗೆ ಮಣ್ಣು ಹಾಕಿದ ಹಾಗೆ.

ಶಾಲೆಯಲ್ಲೂ ಆಗಬಹುದು

ಫಿಲಿಪ್ಪೀನ್ಸ್ ಎಂಬ ದೇಶದ ಅನೇಕ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಕೈ ತೊಳೆದು, ಎಲ್ಲರೂ ಒಟ್ಟಿಗೆ ಹಲ್ಲು ತಿಕ್ಕುವ ಕಾರ್ಯಕ್ರಮ ನಡೆಸಿದರು. ಸ್ಕಾಟ್ಲೆಂಡಿನ ಶಿಶುವಿಹಾರಗಳಲ್ಲಿ ಶಿಕ್ಷಕಿಯರ ಮುಂದೆ ಮಕ್ಕಳು ದಿನಾ ಹಲ್ಲು ತಿಕ್ಕುತ್ತಾರೆ. ಅಲ್ಲಿ ಮಕ್ಕಳ ಹಲ್ಲು ಹುಳುಕಾಗುವುದು ಕಡಿಮೆಯಾಗಿದೆ. ಚಿಕಿತ್ಸೆಯ ಖರ್ಚೂ ಉಳಿದಿದೆ.

ನಮ್ಮ ಶಾಲೆಗಳಲ್ಲಿ ಬಿಸಿಯೂಟ ಇದೆ. ಅಕ್ಷರ ದಾಸೋಹ ಯೋಜನೆ 2002ರಲ್ಲಿ ನಮ್ಮ ಜಿಲ್ಲೆಯಲ್ಲಿ ಶುರುವಾಯಿತು. ಊಟಕ್ಕೆ ಮುಂಚೆ ಮಕ್ಕಳು ಸಾಲಾಗಿ ಕೈ ತೊಳೆಯುತ್ತಾರೆ. ಈಗ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಗಂಟೆ ಬಾರಿಸಿದರೆ ಸಾಕು. ಊಟ ಆದ ಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಮುಕ್ಕಳಿಸುವುದನ್ನು ಇದಕ್ಕೇ ಗಂಟು ಹಾಕಬಹುದು. ಮಗುವಿಗೆ ತಾಯಿಯ ಮಾತಿಗಿಂತ ಗೆಳೆಯರ ಸಾಲು ದೊಡ್ಡದು. ಎಸ್.ಡಿ.ಎಂ.ಸಿ. ಸಭೆಯಲ್ಲಿ ಈ ಮಾತು ಎತ್ತಿ ನೋಡಿ.

ಮಿಶ್ರಿ, ತಂಬಾಕು: ಕೆಟ್ಟ ರೂಢಿ ಬಿಡಿಸುವುದು

ರೂಢಿಯ ನಿಯಮ ಕೆಟ್ಟ ಕೆಲಸಕ್ಕೂ ಅದೇ. ನಮ್ಮ ಕಡೆ ಕೆಲವು ತಾಯಂದಿರು ಮಿಶ್ರಿಯಿಂದ ಹಲ್ಲು ತಿಕ್ಕುತ್ತಾರೆ. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. "ಹಲ್ಲು ನೋವಿಗೆ ಚೊಲೋ" ಎಂದು ಶುರುವಾಗುತ್ತದೆ. ತಂಬಾಕಿನ ನಿಶೆ ಕೂಡಲೆ ಸಿಗುವ ಸುಖ. ಅದಕ್ಕೇ ಅದು ಬೇಗ ಅಂಟಿಕೊಳ್ಳುತ್ತದೆ. ಆಮೇಲೆ ದಿನಕ್ಕೆ ಒಂದು ಸಲ ಇದ್ದದ್ದು ನಾಲ್ಕು ಸಲ ಆಗುತ್ತದೆ. ಮಿಶ್ರಿ ಹಲ್ಲನ್ನು ಕಾಯುವುದಿಲ್ಲ. ಒಸಡನ್ನು ಕೆಡಿಸುತ್ತದೆ. ಬಾಯಿ ಕ್ಯಾನ್ಸರ್ ತರುತ್ತದೆ. ಪೇಸ್ಟಿನಲ್ಲಿ, ಹಲ್ಲುಪುಡಿಯಲ್ಲಿ ತಂಬಾಕು ಹಾಕಬಾರದು ಎಂದು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಮಾಡಿದೆ. ಗುಟ್ಕಾ ತಯಾರಿಕೆ ಮತ್ತು ಮಾರಾಟವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿದೆ.

ಬಿಡಿಸುವುದು ಹೇಗೆ? "ಬಿಡು ಬಿಡು" ಎಂದು ಬೈದರೆ ಕದ್ದು ಹಚ್ಚುತ್ತಾರೆ. ಯಾವ ಹೊತ್ತಿಗೆ ಮನಸ್ಸು ಬೇಡುತ್ತದೆ ಎಂದು ನೋಡಬೇಕು. ಮುಂಜಾನೆ ಬಚ್ಚಲಿಗೆ ಹೋದಾಗಲೋ? ಮಧ್ಯಾಹ್ನ ಹೊಲದ ಗಿಡದ ಕೆಳಗೆ ಕುಂತಾಗಲೋ? ಆ ಹೊತ್ತಿಗೆ ಬೇರೆ ಕೆಲಸ ಇಡಬೇಕು. ಬಚ್ಚಲಿನಲ್ಲಿ ಮಿಶ್ರಿ ಡಬ್ಬಿ ಇದ್ದ ಜಾಗದಲ್ಲಿ ಬ್ರಶ್ ಇಡಿ. ಹೊಲದಲ್ಲಿ ಬಾಯಿಗೆ ನಾಲ್ಕು ಕಾಳು ಬಡೇಸೋಪು ಅಥವಾ ಒಂದು ಲವಂಗ ಹಾಕಿಕೊಳ್ಳಿ. ಮೊದಲ ಕೆಲವು ದಿನ ಸಿಟ್ಟು, ತಲೆನೋವು, ಚಡಪಡಿಕೆ ಇರುತ್ತವೆ. ಬರುಬರುತ್ತಾ ಅವು ಕಡಿಮೆ ಆಗುತ್ತವೆ. ಮನೆಯವರು ಆ ದಿನಗಳಲ್ಲಿ ತಾಳ್ಮೆಯಿಂದ ಇರಬೇಕು. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ ಇದೆ. ಅದರ ನಂಬರ್ 1800-112-356.

ಇದ್ದಲಿ, ಬೂದಿ, ಇಟ್ಟಂಗಿ ಪುಡಿಯನ್ನೂ ಬಿಡಿ. ಅವು ಹಲ್ಲಿನ ಗಟ್ಟಿ ಪದರವನ್ನು ಸವೆಸುತ್ತವೆ. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಿ. ಒಸಡಿಗೆ ಚುಚ್ಚದಂತೆ ನೋಡಿಕೊಳ್ಳಿ. ಕಡ್ಡಿಯಲ್ಲಿ ಫ್ಲೋರೈಡ್ ಇರುವುದಿಲ್ಲ. ಆದ್ದರಿಂದ ರಾತ್ರಿಯಾದರೂ ಪೇಸ್ಟ್ ಇರಲಿ.

ಡಾಕ್ಟರಿಗೆ ಯಾವಾಗ ತೋರಿಸಬೇಕು?

ಹಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡಾಗಲೇ ತೋರಿಸಿ. ಆಗ ಸಣ್ಣ ತೂತು ತುಂಬಿಸಿದರೆ ಮುಗಿಯಿತು. ನೋವು ಬರುವವರೆಗೆ ಕಾದರೆ ನರದ ಚಿಕಿತ್ಸೆ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು. ಖರ್ಚೂ ಹೆಚ್ಚು, ನೋವೂ ಹೆಚ್ಚು, ಕೂಲಿಯೂ ಹೋಗುತ್ತದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಬಂದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಬಾಯಿ ತೆರೆಯಲು ಬಿಗಿಯಾದರೆ ತಡ ಮಾಡಬೇಡಿ. ನೋವಿಲ್ಲ ಎಂದು ಸುಮ್ಮನೆ ಕೂರಬೇಡಿ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ವಿಜಯಪುರದಲ್ಲಿ ಹಲ್ಲಿನ ವೈದ್ಯರನ್ನು ತಯಾರು ಮಾಡುವ ಅಲ್-ಅಮೀನ್ ದಂತ ಕಾಲೇಜು ಇದೆ. ಅಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚ ಕಡಿಮೆ ಬರುತ್ತದೆ.

ಈಗ ನೀವೇ ಬರೆಯಿರಿ

ನಿಮಗೆ ಈಗ ಓದಲು ಬರೆಯಲು ಬರುತ್ತದೆ. ಆ ವಿದ್ಯೆ ಇಲ್ಲಿ ಕೆಲಸಕ್ಕೆ ಬರಲಿ. ಬರಿ "ತಿಕ್ಕಬೇಕು" ಎಂದುಕೊಂಡರೆ ಸಾಲದು. ಯಾವಾಗ, ಎಲ್ಲಿ, ಯಾರ ಜೊತೆ ಎಂದು ಬರೆದು ಇಟ್ಟುಕೊಂಡರೆ ಆ ಕೆಲಸ ಆಗುವುದು ಹೆಚ್ಚು. ಇದೂ ಮನಸ್ಸಿನ ಗುಣವೇ. ಕೆಳಗಿನ ಸಾಲನ್ನು ತುಂಬಿರಿ.

"ನಾನು ರಾತ್ರಿ ............ ಮುಗಿದ ಕೂಡಲೆ, ............ ಜಾಗದಲ್ಲಿ, ............ ಜೊತೆ ಹಲ್ಲು ತಿಕ್ಕುತ್ತೇನೆ."

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಬ್ರಶ್ ಇಡುವ ಕಡೆ ಗೋಡೆಗೆ ಅಂಟಿಸಿ. ಅದರ ಕೆಳಗೆ ಮನೆಯವರೆಲ್ಲರ ಹೆಸರು ಬರೆಯಿರಿ. ಹೆಸರಿನ ಮುಂದೆ 66 ಮನೆ ಗೀಟು ಹಾಕಿ. ತಿಕ್ಕಿದ ದಿನ ಒಂದು ಚುಕ್ಕೆ ಇಡಿ. ತಪ್ಪಿದ ದಿನ ಖಾಲಿ ಬಿಡಿ. ಖಾಲಿ ಮನೆ ಕಂಡು ಯಾರನ್ನೂ ಬೈಯಬೇಡಿ. ಚುಕ್ಕೆ ಕಂಡಾಗ ಹೊಗಳಿ. ಮಿಶ್ರಿ ಬಿಟ್ಟ ಅಜ್ಜಿ ತನ್ನ ಚುಕ್ಕೆಯನ್ನು ತಾನೇ ಇಟ್ಟರೆ ಮನೆಯ ಮಕ್ಕಳೂ ಓಡಿಬಂದು ತಮ್ಮ ಚುಕ್ಕೆ ಇಡುತ್ತಾರೆ.

ಓದಿದ ಮೇಲೆ ಚರ್ಚೆ ಮಾಡಿ

1. ರಾತ್ರಿ ಹಲ್ಲು ತಿಕ್ಕದೆ ಮಲಗಿದರೆ ಬಾಯಲ್ಲಿ ಏನಾಗುತ್ತದೆ?
2. ಬಹಳ ಹೆದರಿಸಿದರೆ ಮಕ್ಕಳು ಯಾಕೆ ಮಾತು ಕೇಳುವುದಿಲ್ಲ?
3. ಮುಂಜಾನೆಯ ರೂಢಿಯಲ್ಲಿ ಗುರುತು ಯಾವುದು? ಸುಖ ಯಾವುದು?
4. ನಿಮ್ಮ ಮನೆಯಲ್ಲಿ ರಾತ್ರಿ ತಪ್ಪದೆ ನಡೆಯುವ ಕೆಲಸ ಯಾವುದು? ಅದಕ್ಕೆ ಹಲ್ಲು ತಿಕ್ಕುವುದನ್ನು ಹೇಗೆ ಗಂಟು ಹಾಕುವಿರಿ?
5. ನಿಮ್ಮ ಓಣಿಯಲ್ಲಿ ಮಿಶ್ರಿ ಹಚ್ಚುವವರು ಇದ್ದಾರೆಯೇ? ಅವರ ಮನಸ್ಸು ನೋಯದಂತೆ ಹೇಗೆ ಹೇಳುವಿರಿ?